ವಿದ್ಯುತ್ತಿಗೂ ಗೋತ್ರ ಕೇಳುವವರು

2024ರ ನವೆಂಬರ್ 15ರಂದು ನೇಪಾಳದ ವಿದ್ಯುತ್ತು ಭಾರತದ ತಂತಿಗಳ ಮೇಲೆ ಹಾದು ಬಾಂಗ್ಲಾದೇಶವನ್ನು ತಲುಪಿತು. ಮೂರೂ ಸರ್ಕಾರಗಳ ಪ್ರತಿನಿಧಿಗಳು ಪರದೆಯ ಮುಂದೆ ಕುಳಿತು ಆನ್‌ಲೈನ್‌ನಲ್ಲೇ ಉದ್ಘಾಟಿಸಿದರು. ಅದೇ ರಾತ್ರಿ ಹರಿವು ನಿಂತಿತು. ತಂತಿ ಕಡಿದಿರಲಿಲ್ಲ, ನದಿ ಬತ್ತಿರಲಿಲ್ಲ. ಒಪ್ಪಂದದ ಪ್ರಕಾರ ಮಾರಾಟದ ಕಾಲ ಜೂನ್ 15ರಿಂದ ನವೆಂಬರ್ 15ರವರೆಗೆ, ಅಷ್ಟೆ. ಎಲೆ ಎತ್ತುವ ಹೊತ್ತಿಗೆ ಉಪ್ಪು ಬಡಿಸಿ, ಉಳಿದದ್ದಕ್ಕೆ ಏಳು ತಿಂಗಳು ಬಿಟ್ಟು ಬನ್ನಿ ಎಂದಂತಾಯಿತು.

ಹರಿದದ್ದಾದರೂ ಎಷ್ಟು? 40 ಮೆಗಾವಾಟ್. ಆ ವರ್ಷದ ಬೇಸಿಗೆಯಲ್ಲಿ ಬಾಂಗ್ಲಾದೇಶ 16,000 ಮೆಗಾವಾಟ್‌ಗಿಂತ ಹೆಚ್ಚು ವಿದ್ಯುತ್ತನ್ನು ನುಂಗಿತ್ತು. ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಆ ಮಜ್ಜಿಗೆಗೂ ಮೂರು ದೇಶಗಳ ಸಹಿ. (ವಿದ್ಯುತ್ ಸಹಕಾರಕ್ಕೆಂದು ಸಾರ್ಕ್ ದೇಶಗಳು ಕಠ್ಮಂಡುವಿನಲ್ಲಿ ಸಹಿ ಹಾಕಿದ್ದು 2014ರಲ್ಲಿ. ಆಮೇಲೆ ಸಾರ್ಕ್ ಶೃಂಗಸಭೆಯೇ ಸೇರಿಲ್ಲ.)

ದಾರಿಯ ಕಥೆ ಇನ್ನೂ ಸೊಗಸು. ಸಿಲಿಗುರಿಯ ಬಳಿ ನೇಪಾಳಕ್ಕೂ ಬಾಂಗ್ಲಾದೇಶಕ್ಕೂ ನಡುವೆ ಇರುವುದು ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಅಗಲದ ಭಾರತ. ವಿದ್ಯುತ್ತು ಮಾತ್ರ ನೇಪಾಳದ ಢಲ್ಕೇಬರ್‌ನಿಂದ ಬಿಹಾರದ ಮುಜಫ್ಫರಪುರಕ್ಕೆ ಇಳಿದು, ಪಶ್ಚಿಮ ಬಂಗಾಳದ ಬಹರಂಪುರದವರೆಗೆ ಸುತ್ತಿ, ಆಚೆಯ ಭೇಡಾಮಾರಾ ಸೇರಬೇಕು. ಸೇರುತ್ತದೆ ಎನ್ನುವುದೂ ಲೆಕ್ಕದ ಮಾತೇ. ಕೆರೆಗೆ ಈ ದಡದಲ್ಲಿ ಒಂದು ಕೊಡ ಸುರಿದು ಆ ದಡದಲ್ಲಿ ಒಂದು ಕೊಡ ತುಂಬಿಕೊಂಡರೆ, ತುಂಬಿದ್ದು ಸುರಿದ ನೀರೇ ಎಂದು ಆಣೆ ಮಾಡುವವರು ಯಾರು? ಇತ್ತ ಮೀಟರು ಎಣಿಸಿದ ಯೂನಿಟ್ಟುಗಳನ್ನು ಅತ್ತ ಕೊಟ್ಟು, ಯೂನಿಟ್ಟಿಗೆ 6.4 ಅಮೆರಿಕನ್ ಸೆಂಟ್‌ನಂತೆ ಬರೆದುಕೊಳ್ಳುತ್ತಾರೆ. ಸಾಗಣೆಯ ಬಾಡಿಗೆ, ವ್ಯಾಪಾರಿಯ ಕಮಿಷನ್ ಬೇರೆ.

ಹೀಗೆ ಗುರುತೇ ಇಲ್ಲದ ವಸ್ತುವಿಗೂ ಗೋತ್ರ ಕೇಳುವ ಕಲೆ ನಮ್ಮ ದೆಹಲಿಗೆ ಸಿದ್ಧಿಸಿದೆ. ಚೀನೀ ಹಣ ಹೂಡಿದ ಅಥವಾ ಚೀನೀ ಗುತ್ತಿಗೆದಾರ ಕಟ್ಟಿದ ಸ್ಥಾವರದ ವಿದ್ಯುತ್ತು ನಮಗೆ ಮೈಲಿಗೆ. ನೇಪಾಳದ 456 ಮೆಗಾವಾಟ್‌ನ ಅಪ್ಪರ್ ತಾಮಾಕೋಶಿ ಜಲವಿದ್ಯುತ್ ಸ್ಥಾವರವನ್ನೇ ನೋಡಿ. ಹಣ ನೇಪಾಳಿಗಳದು, ನೀರು ಹಿಮಾಲಯದ್ದು. ಕಾಂಕ್ರೀಟು ಕಲಸಿದವನು ಮಾತ್ರ ಚೀನೀಯ. ಆದ್ದರಿಂದ ಅದಕ್ಕೆ ನಮ್ಮ ತಂತಿಯ ಪಂಕ್ತಿಯಲ್ಲಿ ಜಾಗವಿಲ್ಲ.

ಆ ಸ್ಥಾವರದ ಟರ್ಬೈನು ತಿರುಗಿಸಿ ಹೊರಬಿದ್ದ ನೀರು ಸುನ್‌ಕೋಶಿಯನ್ನು ಕೂಡಿ, ಸಪ್ತಕೋಶಿಯಾಗಿ ಬಿಹಾರಕ್ಕೆ ಇಳಿಯುತ್ತದೆ. ಗಡಿಯಲ್ಲಿ ಅದನ್ನು ತಡೆದು ಗುತ್ತಿಗೆದಾರನ ಹೆಸರು ಕೇಳಿದ ಅಧಿಕಾರಿ ಈವರೆಗೆ ಹುಟ್ಟಿಲ್ಲ.