ಗೋಡೆ ಒಣಗಲಿ, ಆಮೇಲೆ ಬಣ್ಣ

ಮೈಸೂರಿನ ನಮ್ಮ ಮನೆ ಮಾರಿದೆವು, ಹೋದ ತಿಂಗಳು ರಿಜಿಸ್ಟ್ರೇಷನ್ ಆಯಿತು. ಸರಸ್ವತಿಪುರಂನಲ್ಲಿ ಅಪ್ಪ 1979ರಲ್ಲಿ ಕಟ್ಟಿಸಿದ ಮನೆ. ಸಿಐಟಿಬಿ, ಅಂದರೆ ಆಗಿನ ನಗರಾಭಿವೃದ್ಧಿ ಮಂಡಳಿಯ ಸೈಟು, 30-40 ಅಡಿ. ಅಪ್ಪ ಹೋದ ಮೇಲೆ ಅಮ್ಮ ಸ್ವಲ್ಪ ದಿನ ಒಬ್ಬರೇ ಇದ್ದರು. ಆಮೇಲೆ ಬೆಂಗಳೂರಿಗೆ ನನ್ನ ಹತ್ತಿರ ಬಂದರು. ಒಂದೂವರೆ ವರ್ಷ ಮನೆಗೆ ಬೀಗ. ಬಾಡಿಗೆಗೆ ಕೊಟ್ಟು ನೋಡಿಕೊಳ್ಳಲು ಊರಲ್ಲಿ ಯಾರೂ ಇರಲಿಲ್ಲ. ಅಮ್ಮ, ತಮ್ಮ, ನಾನು ಕೂತು ಮಾತಾಡಿ ಮಾರುವುದು ಅಂತ ತೀರ್ಮಾನ ಮಾಡಿದೆವು.

ವಿಷಯ ಗೊತ್ತಾದ ಮೇಲೆ ಮೂರು ಜನ ಗೆಳತಿಯರು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು. ‘ಮಾರೋಕೆ ಮುಂಚೆ ಒಳಗಡೆ ಏನೇನು ಮಾಡಿಸಿದೆ? ಎಷ್ಟು ಖರ್ಚಾಯ್ತು?’ ಎಲ್ಲರ ಮನೆಯಲ್ಲೂ ವಯಸ್ಸಾದ ಅಪ್ಪ ಅಮ್ಮ, ಹಳೆಯ ಮನೆ ಇದೆ ಅಲ್ವಾ. ಅದಕ್ಕೇ ಇಲ್ಲೇ ಬರೆಯುತ್ತಿದ್ದೇನೆ.

ಡಿಸೆಂಬರ್‌ನಲ್ಲಿ ಬ್ರೋಕರ್ ಒಬ್ಬರು ಬಂದು ಮನೆ ನೋಡಿದರು. ಒಳ್ಳೆಯ ಮಾತುಗಾರರು. ‘ಮೇಡಂ, ಎರಡೂವರೆ ಮೂರು ಲಕ್ಷ ಹಾಕಿ, ಹತ್ತು ಲಕ್ಷ ಜಾಸ್ತಿ ಕೊಡಿಸ್ತೀನಿ’ ಅಂದರು. ಹಾಲ್‌ಗೆ ಫಾಲ್ಸ್ ಸೀಲಿಂಗ್ ಮಾಡಿಸಿ ಲೈಟು ಹಾಕಬೇಕು. ಕೆಂಪು ನೆಲದ ಮೇಲೆ ಮರದ ಡಿಸೈನಿನ ವಿನೈಲ್ ಶೀಟ್ ಅಂಟಿಸಬೇಕು. ಅಡುಗೆಮನೆಯ ಒರಳು ಕಲ್ಲು ಕಿತ್ತು ಹಾಕಬೇಕು. ಹಿಂದಿನ ರೂಮಿನ ಗೋಡೆಯಲ್ಲಿ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಎದ್ದು, ಕೆಳಗೆ ಉಪ್ಪಿನಂತೆ ಬಿಳಿ ಪುಡಿ ಉದುರುತ್ತಿತ್ತು. ಅದನ್ನು ನೋಡಿ, ‘ಇದಕ್ಕೆ ಪಿವಿಸಿ ಪ್ಯಾನೆಲ್ ಹೊಡೆಸಿಬಿಡಿ. ಒಂದೇ ದಿನದ ಕೆಲಸ. ಯಾರಿಗೂ ಗೊತ್ತಾಗಲ್ಲ’ ಅಂದರು.

ಆ ಕೊನೇ ಮಾತು ನನಗೆ ಚುಚ್ಚಿತು. ಯಾಕೆಂದರೆ ಆ ‘ಗೊತ್ತಾಗದವರು’ ಒಂದು ಕಾಲಕ್ಕೆ ನಾವೇ ಆಗಿದ್ದೆವು.

2014ರ ಫೆಬ್ರವರಿಯಲ್ಲಿ ನಾನೂ ನನ್ನ ಗಂಡನೂ ಬೆಂಗಳೂರಿನಲ್ಲಿ ಹಳೆಯ ಫ್ಲಾಟ್ ಒಂದನ್ನು ನೋಡಲು ಹೋದಾಗ ಮನೆ ತುಂಬಾ ಹೊಸ ಬಣ್ಣದ ವಾಸನೆ. ಕಿಟಕಿಗೆ ಹೊಸ ಪರದೆ, ಟೇಬಲ್ ಮೇಲೆ ಹೂದಾನಿ. ನೋಡಿದ ಕೂಡಲೇ ಇಷ್ಟವಾಯಿತು. ಸಾಲ ಮಾಡಿ ತೆಗೆದುಕೊಂಡೆವು. ಆಗಸ್ಟ್ ಬರುವಷ್ಟರಲ್ಲಿ ಮಲಗುವ ಕೋಣೆಯ ಗೋಡೆ ಹಪ್ಪಳದ ಹಾಗೆ ಉಬ್ಬಿತು. ಮಂಚದ ಹಿಂದೆ ಕಪ್ಪಗೆ ಬೂಷ್ಟು. ಮಗಳಿಗೆ ಆಗ ನಾಲ್ಕು ವರ್ಷ, ವೀಸಿಂಗ್ ಬೇರೆ ಇತ್ತು. ಎರಡು ತಿಂಗಳು ಹಾಲ್‌ನಲ್ಲಿ ಹಾಸಿಗೆ ಹಾಸಿಕೊಂಡು ಮಲಗಿದೆವು. ಅವಳು ರಾತ್ರಿ ಎದ್ದು ಕೂತು ಉಸಿರಿಗೆ ಕಷ್ಟ ಪಡುತ್ತಿದ್ದುದು ಈಗಲೂ ಕಣ್ಣ ಮುಂದೆ ಬರುತ್ತದೆ.

ಆ ನೋವು ಇನ್ನೊಬ್ಬರ ಮನೆಗೆ ನನ್ನ ಕೈಯಿಂದ ಹೋಗಬಾರದು ಅನ್ನಿಸಿತು. ಅಮ್ಮನಿಗೆ ಹೇಳಿದೆ. ‘ಮೇಲೆ ಥಳಕು ಒಳಗೆ ಹುಳುಕು ಮಾಡಿ ಕೊಡೋದು ಬೇಡ. ಅಪ್ಪನ ಮನೆ ಅದು’ ಅಂದರು. ಮಾತು ಅಲ್ಲಿಗೇ ಮುಗಿಯಿತು.

ಇದು ಬರೀ ಮನಸ್ಸಿನ ಮಾತಲ್ಲ, ಕಾನೂನಿನ ಮಾತೂ ಹೌದು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ನೋಡಿ. ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದಂಥ ದೊಡ್ಡ ದೋಷ ಆಸ್ತಿಯಲ್ಲಿದ್ದು, ಅದು ಮಾರುವವರಿಗೆ ಗೊತ್ತಿದ್ದರೆ ಹೇಳಲೇಬೇಕು ಅಂತ ಅದರಲ್ಲಿದೆ. ಗೊತ್ತಿದ್ದೂ ಹೇಳದಿದ್ದರೆ ಅದು ಮೋಸ. ಪ್ಯಾನೆಲ್ ಹೊಡೆದು ಮುಚ್ಚಿದ ಗೋಡೆ ಇನ್ನೇನು ಹೇಳಿ?

ಹಾಗಾಗಿ ಮೊದಲು ಆ ಗೋಡೆಯನ್ನೇ ಹಿಡಿದೆವು. ಪೈಪ್ ಒಡೆದಿರಬೇಕು ಅಂತ ತಮ್ಮ ಅಂದುಕೊಂಡಿದ್ದ. ನಮ್ಮ ಗಾರೆ ಮೇಸ್ತ್ರಿ ಗೋಡೆಯನ್ನು ನೋಡಲೇ ಇಲ್ಲ, ಸೀದಾ ತಾರಸಿಗೆ ಹತ್ತಿದರು. ಪಕ್ಕದ ಮನೆಯ ಸಂಪಿಗೆ ಮರದ ಎಲೆ ಉದುರಿ ಉದುರಿ ಮಳೆನೀರು ಇಳಿಯುವ ಕೊಳವೆಯ ಬಾಯಿ ಕಟ್ಟಿಹೋಗಿತ್ತು. ಕೈ ಹಾಕಿ ತೆಗೆದರೆ ಎರಡು ಬುಟ್ಟಿ ಕಪ್ಪು ಕೊಳೆ. ಮನೆಯಲ್ಲಿ ಜನ ಇದ್ದಿದ್ದರೆ ಯಾರಾದರೂ ವರ್ಷಕ್ಕೊಮ್ಮೆ ಗುಡಿಸುತ್ತಿದ್ದರು. ನೀರು ಅಲ್ಲೇ ನಿಂತು, ಮೂಲೆಯ ಬಿರುಕಿನಿಂದ ಗೋಡೆಗೆ ಇಳಿದಿತ್ತು.

ಜನವರಿಯಲ್ಲಿ ಕೊಳವೆ ಬದಲಾಯಿಸಿ, ತಾರಸಿಯ ಆ ಭಾಗಕ್ಕೆ ಇಳಿಜಾರು ಸರಿಮಾಡಿಸಿ, ವಾಟರ್‌ಪ್ರೂಫಿಂಗ್ ಮಾಡಿಸಿದೆವು. ಒಳಗೆ ಹಾಳಾದ ಪ್ಲಾಸ್ಟರ್ ಕೆತ್ತಿಸಿ ಹೊಸದು ಹಾಕಿಸಿದೆವು. ಎಲ್ಲ ಸೇರಿ ಸುಮಾರು 46 ಸಾವಿರ.

ಆಮೇಲೆ ಕಾದೆವು. ಗೆಳತಿಯರೇ, ಇದೇ ಎಲ್ಲಕ್ಕಿಂತ ಕಷ್ಟ. ಬಣ್ಣದ ಹುಡುಗ ವಾರಕ್ಕೊಮ್ಮೆ ಫೋನ್ ಮಾಡಿ, ‘ಅಕ್ಕ, ಬರ್ಲಾ?’ ಅನ್ನುತ್ತಿದ್ದ. ಗೋಡೆ ಕೈಗೆ ಒಣಗಿದ ಹಾಗೇ ಸಿಗುತ್ತದೆ, ಒಳಗೆ ಒಣಗಿರುವುದಿಲ್ಲ. ಅದಕ್ಕೆ ಮೇಸ್ತ್ರಿ ಒಂದು ಉಪಾಯ ಹೇಳಿಕೊಟ್ಟರು. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಬೇಕು. ಎರಡು ದಿನ ಬಿಡಬೇಕು. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ಗೋಡೆಯಲ್ಲಿ ಇನ್ನೂ ತೇವ ಇದೆ ಅಂತ. ಮೊದಲ ಸಲ ತೆಗೆದಾಗ ಹಾಳೆಯ ಹಿಂದೆ ಬೆವರಿನ ಹಾಗೆ ಸಣ್ಣ ಸಣ್ಣ ಹನಿ. ಮೂರು ವಾರ ಬಿಟ್ಟು ನೋಡಿದರೆ ಮೂಲೆಯಲ್ಲಿ ಮಾತ್ರ ಮಂಜು. ಮಾರ್ಚ್ ಕೊನೆಗೆ ಹಾಳೆ ಪೂರ್ತಿ ಒಣಗಿತ್ತು. ಆಗಲೇ ಬಣ್ಣದ ಹುಡುಗನಿಗೆ ಬಾ ಅಂದಿದ್ದು. ಒಳಗಿನ ಗೋಡೆಗಳಿಗೆಲ್ಲ ಒಂದೇ ಬಣ್ಣ, ತಿಳಿ ಹಾಲಿನ ಬಣ್ಣ. ಹಸಿರು, ಗುಲಾಬಿ ಅಂತ ಒಂದೊಂದು ರೂಮಿಗೆ ಒಂದೊಂದು ಇದ್ದದ್ದನ್ನು ತೆಗೆದೆವು. ಮನೆ ಒಂದು ಸುತ್ತು ದೊಡ್ಡದಾದ ಹಾಗೆ ಕಂಡಿತು.

ಇನ್ನು ಕೆಂಪು ನೆಲ. ಅದನ್ನು ಮುಚ್ಚಿಸಿ ಅನ್ನುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ. ರೆಡ್ ಆಕ್ಸೈಡ್ ನೆಲ ಅಂದರೆ ಸಿಮೆಂಟಿಗೆ ಬಣ್ಣದ ಪುಡಿ ಬೆರೆಸಿ ಕರಣೆಯಲ್ಲಿ ತಿಕ್ಕಿ ತಿಕ್ಕಿ ನುಣುಪು ಮಾಡಿದ್ದು. ಇವತ್ತು ಮಾಡಿಸೋಣ ಅಂದರೆ ಅಂಥ ಕೈ ಸಿಗುವುದು ಕಷ್ಟ. ನಮ್ಮ ಅಡುಗೆಮನೆಯಲ್ಲಿ ಕಿಟಕಿ ಕೆಳಗೆ, ಒರಳಿನ ಪಕ್ಕ, ಒಂದು ಜಾಗ ಉಳಿದ ನೆಲಕ್ಕಿಂತ ಕಪ್ಪಾಗಿ, ಕನ್ನಡಿಯ ಹಾಗೆ ಹೊಳೆಯುತ್ತದೆ. ಅಮ್ಮ ನಲವತ್ತು ವರ್ಷ ಈಳಿಗೆಮಣೆ ಇಟ್ಟುಕೊಂಡು ಕೂತು ತರಕಾರಿ ಹೆಚ್ಚಿದ ಜಾಗ ಅದು. ಅದರ ಮೇಲೆ ಪ್ಲಾಸ್ಟಿಕ್ ಶೀಟ್ ಅಂಟಿಸುವುದಾ?

ಹಳೇ ಕೊಳೆ ತೆಗೆಯಲು ಆಸಿಡ್ ಹಾಕ್ತೀನಿ ಅಂತ ಕ್ಲೀನಿಂಗ್‌ಗೆ ಬಂದವರು ಅಂದರು. ದಯವಿಟ್ಟು ಯಾರೂ ಹಾಕಿಸಬೇಡಿ. ಆಸಿಡ್ ಸಿಮೆಂಟನ್ನು ತಿನ್ನುತ್ತದೆ, ನೆಲ ಹೊಳಪು ಕಳೆದುಕೊಂಡು ಬೂದಿ ಬಣ್ಣಕ್ಕೆ ತಿರುಗುತ್ತದೆ. ಅಮ್ಮ ಅಂಟುವಾಳದ ನೀರಿನಲ್ಲಿ ಎರಡು ಸಲ ಒರೆಸಿಸಿದರು. ಒಣಗಿದ ಮೇಲೆ ಹಳೇ ಪಂಚೆಯ ಬಟ್ಟೆಗೆ ಸ್ವಲ್ಪವೇ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿಸಿದರು. ಹಾಲ್‌ನಲ್ಲಿ ಒಂದು ಉದ್ದನೆಯ ಬಿರುಕಿದೆ. ಅದಕ್ಕೆ ತೇಪೆ ಹಾಕಿದರೆ ಬಣ್ಣ ಹೊಂದುವುದಿಲ್ಲ, ಎದ್ದು ಕಾಣುತ್ತದೆ. ಹಾಗೇ ಬಿಟ್ಟೆವು.

ವಾಸನೆಯ ವಿಷಯ ಯಾರೂ ಹೇಳುವುದಿಲ್ಲ, ಅದಕ್ಕೆ ಹೇಳುತ್ತೇನೆ. ಬೀಗ ತೆಗೆದು ಒಳಗೆ ಹೋದರೆ ಬಚ್ಚಲಿನಿಂದ ಚರಂಡಿ ನಾತ. ರೂಮ್ ಫ್ರೆಶ್ನರ್ ಹೊಡೆದರೆ ಎರಡೂ ಸೇರಿ ಇನ್ನೂ ಕೆಟ್ಟದಾಗುತ್ತದೆ. ನೀರು ಹೋಗುವ ಜಾಗದಲ್ಲಿ ಪ್ಲಂಬರ್‌ಗಳು ನಹಾನಿ ಟ್ರ್ಯಾಪ್ ಅನ್ನುತ್ತಾರಲ್ಲ, ಅದರಲ್ಲಿ ಸದಾ ಸ್ವಲ್ಪ ನೀರು ನಿಂತಿರಬೇಕು. ಆ ನೀರೇ ಚರಂಡಿಯ ವಾಸನೆಯನ್ನು ತಡೆಯುವುದು. ಮನೆ ಬಹಳ ದಿನ ಮುಚ್ಚಿದ್ದರೆ ನೀರು ಆರಿಹೋಗುತ್ತದೆ. ಒಂದು ಬಕೆಟ್ ನೀರು ಸುರಿದೆವು, ಸಂಜೆಯೊಳಗೆ ವಾಸನೆ ಹೋಯಿತು. ಖರ್ಚು ಸೊನ್ನೆ.

ಉಳಿದದ್ದು ಸಣ್ಣಪುಟ್ಟದ್ದು. ಸೋರುವ ನಲ್ಲಿ, ಸೇರದ ಚಿಲಕ, ಕೆಲಸ ಮಾಡದ ಸ್ವಿಚ್ಚು ಎಲ್ಲ ಸರಿಮಾಡಿಸಿದೆವು. ನೋಡಲು ಬಂದವರು ಇವನ್ನೆಲ್ಲ ಮುಟ್ಟಿ ನೋಡೇ ನೋಡುತ್ತಾರೆ. ಅಟ್ಟ ಖಾಲಿ ಮಾಡಿದೆವು. ಆದರೆ ಮನೆಯನ್ನು ಪೂರ್ತಿ ಬರಿದು ಮಾಡಲಿಲ್ಲ. ಸಾಮಾನು ಇಲ್ಲದ ಕೋಣೆ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ, ಮಂಚ ಹಿಡಿಸುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ. ಒಂದು ಮಂಚ, ಊಟದ ಟೇಬಲ್, ಎರಡು ಬೆತ್ತದ ಕುರ್ಚಿ ಉಳಿಸಿಕೊಂಡೆವು. ದೇವರ ಮನೆಯನ್ನು ಕೊನೇ ದಿನದವರೆಗೂ ಮುಟ್ಟಲಿಲ್ಲ. ಊರಿಗೆ ಹೋದಾಗಲೆಲ್ಲ ಅಮ್ಮ ಅಲ್ಲಿ ದೀಪ ಹಚ್ಚುತ್ತಿದ್ದರು.

ಮೇ ತಿಂಗಳಲ್ಲಿ ತೋರಿಸಲು ಶುರು ಮಾಡಿದೆವು. ಮೈಸೂರಿನಲ್ಲಿ ಆಗ ಸಂಜೆಯಾದರೆ ಗುಡುಗು ಮಳೆ. ಬ್ರೋಕರ್ ಬೆಳಿಗ್ಗೆಯೇ ಕರೆತರುತ್ತೇನೆ ಅಂದರು. ನಾನು, ‘ಬೆಳಿಗ್ಗೆ ಒಂದು ಸಲ ಬರಲಿ, ಇಷ್ಟವಾದರೆ ಮಳೆ ಬಂದ ದಿನ ಇನ್ನೊಂದು ಸಲ ಬರಲಿ’ ಅಂದೆ. ಟೇಬಲ್ ಮೇಲೆ ಖಾತಾ, ಕಂದಾಯದ ರಶೀದಿ, ಇಸಿ (ಋಣಭಾರ ಪ್ರಮಾಣಪತ್ರ) ಇದ್ದ ಫೈಲಿನಲ್ಲೇ ಹಿಂದಿನ ರೂಮಿನ ಹಳೇ ಗೋಡೆಯ ಫೋಟೋ, ತಾರಸಿ ಕೆಲಸದ ಬಿಲ್ಲು ಎರಡನ್ನೂ ಇಟ್ಟಿದ್ದೆವು.

ಇಬ್ಬರು ಆ ಫೋಟೋ ನೋಡಿ ವಾಪಸ್ ಹೋದರು. ಸುಳ್ಳು ಯಾಕೆ ಹೇಳಲಿ, ಆ ವಾರ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಮೂರನೆಯವರು ಗಂಡ ಹೆಂಡತಿ, ಜೊತೆಗೆ ಅವರ ಅತ್ತೆ. ಹೆಂಡತಿ ಟೀಚರ್. ಮಳೆ ಸುರಿಯುತ್ತಿದ್ದಾಗಲೇ ಬಂದು ಹಿಂದಿನ ರೂಮಿನ ಗೋಡೆಗೆ ಅಂಗೈ ಒತ್ತಿ ನಿಂತರು. ಫೋಟೋವನ್ನು ಗೋಡೆಯ ಪಕ್ಕ ಹಿಡಿದು ನೋಡಿದರು. ನಾವು ಹೇಳಿದ್ದಕ್ಕಿಂತ ಒಂದೂವರೆ ಲಕ್ಷ ಕಡಿಮೆ ಕೇಳಿದರು. ಅಮ್ಮನ ಮುಖ ನೋಡಿದೆ. ಅಮ್ಮ ಒಪ್ಪಿಕೊಂಡರು.

ಬ್ರೋಕರ್ ಹೇಳಿದ ಆ ಹತ್ತು ಲಕ್ಷ ನಿಜವಾಗಿ ಬರುತ್ತಿತ್ತೇನೋ. ಬರಲಿ, ನಮಗೆ ಬೇಡವಾಗಿತ್ತು. ನಾಳೆ ಮೈಸೂರಿಗೆ ಹೋದರೆ ಆ ಬೀದಿಯಲ್ಲಿ ತಲೆ ಎತ್ತಿ ನಡೆಯಬಹುದು.

ಬೀಗದ ಕೈ ಕೊಟ್ಟ ದಿನ ಆ ಅತ್ತೆ ಅಡುಗೆಮನೆಗೆ ಹೋಗಿ ಒರಳಿನ ಪಕ್ಕ ಆ ಕಪ್ಪು ಜಾಗದಲ್ಲೇ ಕೂತರು. ನೆಲ ಸವರಿ, ‘ಇದಕ್ಕೆ ಏನು ಹಚ್ತೀರಿ?’ ಅಂತ ಅಮ್ಮನನ್ನು ಕೇಳಿದರು. ಅಮ್ಮನೂ ಮಂಡಿ ನೋವು ಮರೆತು ಪಕ್ಕದಲ್ಲಿ ಕೂತರು. ‘ಕೊಬ್ಬರಿ ಎಣ್ಣೆ. ಜಾಸ್ತಿ ಹಾಕಬೇಡಿ, ಮೊಮ್ಮಕ್ಕಳು ಜಾರಿ ಬೀಳ್ತಾರೆ’ ಅಂದರು.