ಸರ್ಕಾರಿ ಕಚೇರಿಯ ಗೇಟಿನಲ್ಲಿ ಕೋವಿ ಇಡಲು ಒಂದು ಜಾಗ ಬೇಕು

ಲೈಸೆನ್ಸ್ ಇರಲಿ, ವಿನಾಯಿತಿ ಇರಲಿ, ಸರ್ಕಾರಿ ಕಚೇರಿಯ ಒಳಗೆ ಕೋವಿ ಹೋಗಬಾರದು. ಹಾಗೆಯೇ, ಹೊರಗೆ ಇಟ್ಟು ಬನ್ನಿ ಎನ್ನುವ ಸರ್ಕಾರ ಎಲ್ಲಿ ಇಡಬೇಕು ಅಂತಲೂ ತೋರಿಸಬೇಕು. ಕೊಡಗಿನವನಾಗಿ ಈ ಮಾತು ಹೇಳುತ್ತಿದ್ದೇನೆ. ನಮ್ಮವರಲ್ಲೇ ಕೆಲವರಿಗೆ ಸಿಟ್ಟು ಬರಬಹುದು, ಬರಲಿ.

ನಮ್ಮಲ್ಲಿ ಕೋವಿ ಎಂದರೆ ಮನೆಯ ಹಿರಿಯರಿದ್ದ ಹಾಗೆ. ಮಗು ಹುಟ್ಟಿದಾಗಲೂ ಅದರ ಸದ್ದು ಕೇಳಬೇಕು, ಸಾವಾದಾಗಲೂ ಕೇಳಬೇಕು. ನಮ್ಮ ಆಯುಧ ಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ಒರೆಸಿ, ಎಣ್ಣೆ ಹಚ್ಚಿ, ನಳಿಕೆಗೆ ತೋಕ್ ಪೂ ಅನ್ನುವ ಹೂವು ಸಿಕ್ಕಿಸಿ ಪೂಜೆ ಮಾಡುತ್ತೇವೆ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಸಿಕ್ಕಿದ, ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಇವತ್ತಿಗೂ ನಡೆದುಕೊಂಡು ಬಂದಿದೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೂ ಈಗಿರುವ ವಿನಾಯಿತಿ 2019ರಲ್ಲಿ ಕೇಂದ್ರ ಸರ್ಕಾರ ಹತ್ತು ವರ್ಷಕ್ಕೆ ಮುಂದುವರಿಸಿದ್ದು. 2021ರಲ್ಲಿ ನಮ್ಮ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಇದರ ಬಗ್ಗೆ ನನಗೆ ಹೆಮ್ಮೆ ಇದೆ. ಆದರೆ ವಿನಾಯಿತಿ ಸಿಕ್ಕಿರುವುದು ಲೈಸೆನ್ಸ್ ಮಾಡಿಸುವ ಕೆಲಸದಿಂದ. ಹೆಗಲಿಗೆ ಹಾಕಿಕೊಂಡು ತಹಶೀಲ್ದಾರರ ಮುಂದೆ ನಿಲ್ಲಲಿ ಅಂತ ಯಾರೂ ಅದನ್ನು ಕೊಟ್ಟಿಲ್ಲ.

ತಾಲ್ಲೂಕು ಕಚೇರಿ ಎಂಥಾ ಜಾಗ ಅಂತ ಗೊತ್ತಲ್ವಾ? ಪೋಡಿ ಆಗಿಲ್ಲ, ಸರ್ವೆ ನಂಬರ್ ತಪ್ಪಿದೆ, ಅಣ್ಣತಮ್ಮಂದಿರು ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದಾರೆ. ಕೇಸ್ ವರ್ಕರ್ 'ನಾಳೆ ಬನ್ನಿ' ಅಂದಾಗ ರಕ್ತ ಕುದಿಯುತ್ತದೆ. ಅಂಥ ಹೊತ್ತಿನಲ್ಲಿ ಆಯುಧ ಕೈಗೆಟಕುವಷ್ಟು ಹತ್ತಿರ ಇರಬಾರದು. ಬೆಂಗಳೂರಿನಲ್ಲಿ 2018ರ ಮಾರ್ಚ್ 7ರಂದು ಲೋಕಾಯುಕ್ತ ವಿಶ್ವನಾಥ ಶೆಟ್ಟಿ ಅವರನ್ನು ಅವರ ಕಚೇರಿಯಲ್ಲೇ ಇರಿದರು. ಇರಿದವನು ದೂರು ಕೊಟ್ಟು ಓಡಾಡುತ್ತಿದ್ದ ಮನುಷ್ಯ, ಕೈಯಲ್ಲಿ ಬರೀ ಚಾಕು.

'ನಾವು ಜವಾಬ್ದಾರಿ ಇರುವವರು, ಲೈಸೆನ್ಸ್ ಇರುವವರು ಹಾಗೆ ಮಾಡಲ್ಲ' ಅಂತ ಎಷ್ಟೋ ಜನ ಹೇಳುತ್ತಾರೆ. 2024ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ಉಲ್ಲಾಸನಗರದಲ್ಲಿ ಏನಾಯಿತು ನೋಡಿ. ಜಾಗದ ಜಗಳ. ಎರಡೂ ಕಡೆಯವರು ದೂರು ಕೊಡಲು ಪೊಲೀಸ್ ಠಾಣೆಗೆ ಬಂದಿದ್ದರು. ಹಿರಿಯ ಇನ್‌ಸ್ಪೆಕ್ಟರ್ ಕೋಣೆಯ ಒಳಗೇ ಗುಂಡು ಹಾರಿತು. ಹಾರಿಸಿದ ಆರೋಪದ ಮೇಲೆ ಬಂಧನವಾದವರು ಒಬ್ಬ ಶಾಸಕರು. ಸಿಸಿಟಿವಿ ದೃಶ್ಯವನ್ನು ಇಡೀ ದೇಶ ನೋಡಿತು. ಶಾಸಕರ ಆಯುಧಕ್ಕೆ ಲೈಸೆನ್ಸ್ ಇತ್ತು. ಸುತ್ತ ಇದ್ದದ್ದು ಪೊಲೀಸರೇ.

ಲೈಸೆನ್ಸ್ ಇರುವವರ ಪುಸ್ತಕದಲ್ಲಿ ಷರತ್ತುಗಳಿವೆ. ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಜನ ಸೇರುವ ಸಭೆಗೆ, ಶಾಲೆ ಕಾಲೇಜಿನ ಆವರಣಕ್ಕೆ ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಕೋವಿ ಒಯ್ಯುವಂತಿಲ್ಲ. ದಿನಾ ನೂರಾರು ಜನ ಸೇರುವ ಸರ್ಕಾರಿ ಕಚೇರಿಯನ್ನೂ ಅದೇ ಸಾಲಿನಲ್ಲಿ ಹೆಸರು ಹಿಡಿದು ಬರೆಯಬೇಕು ಅನ್ನುವುದು ನನ್ನ ಮಾತು.

ಇನ್ನು ಕೋವಿ ಇಟ್ಟುಕೊಂಡವರ ಕಷ್ಟ. ತೋಟದವರು ಪೇಟೆಗೆ ಬರುವುದೇ ವಾರಕ್ಕೊಮ್ಮೆ. ಕೋವಿ ರಿಪೇರಿ, ತೋಟಾ (ಕೋವಿಯ ಗುಂಡು) ಖರೀದಿ, ರಿನ್ಯೂವಲ್, ಪಹಣಿ, ಬ್ಯಾಂಕು ಎಲ್ಲ ಒಂದೇ ದಿನ ಮುಗಿಸಬೇಕು. ಕೋವಿಯನ್ನು ಜೀಪಿನಲ್ಲಿ ಬಿಟ್ಟು ಒಳಗೆ ಹೋದರೆ ಗಾಜು ಒಡೆದು ಕದ್ದೊಯ್ಯಬಹುದು. ಕದ್ದರೆ ಠಾಣೆ ಅಲೆಯುವವನು ಮಾಲೀಕ. ಅದೇ ಕೋವಿಯಿಂದ ಎಲ್ಲೋ ಒಂದು ಜೀವ ಹೋದರೆ ಆ ನೋವು ಜನ್ಮಪೂರ್ತಿ. ಹಾಗಂತ ಗೇಟಿನಲ್ಲಿ ನಿಂತ ಹೋಂಗಾರ್ಡ್ ಕೈಗೆ ಕೊಡೋಣವೆಂದರೆ ಅವರಿಗೆ ಅದನ್ನು ಹಿಡಿಯುವುದು ಗೊತ್ತಿರಬೇಕು. ಜೋಡಿ ನಳಿಕೆ ಕೋವಿಯಾದರೆ ನಳಿಕೆ ಬಗ್ಗಿಸಿದ ಕೂಡಲೇ ತೋಟಾ ಇದೆಯೋ ಇಲ್ಲವೋ ಕಾಣುತ್ತದೆ. ಪಿಸ್ತೂಲು ಹಾಗಲ್ಲ. ಗುಂಡು ತುಂಬುವ ಮ್ಯಾಗಜಿನ್ ಎಳೆದು ತೆಗೆದ ಮೇಲೂ ನಳಿಕೆಯ ಬುಡದ ಚೇಂಬರಿನಲ್ಲಿ ಒಂದು ಗುಂಡು ಉಳಿದಿರಬಹುದು. ಸ್ಲೈಡ್ ಹಿಂದಕ್ಕೆ ಎಳೆದು, ಕಣ್ಣಿಟ್ಟು ನೋಡಿ, ಬೆರಳು ಹಾಕಿ ಮುಟ್ಟಿ ಖಾತ್ರಿ ಮಾಡಿಕೊಳ್ಳಬೇಕು. ಗೊತ್ತಿಲ್ಲದವರು ಸುಮ್ನೆ ತಿರುಗಿಸಿ ನೋಡಿದರೆ ಮುಂದೆ ನಿಂತವರ ಕಥೆ ಮುಗಿಯಿತು.

ಹಾಗಾಗಿ ಡಿಸಿ ಕಚೇರಿ, ತಾಲ್ಲೂಕು ಕಚೇರಿ, ನ್ಯಾಯಾಲಯದ ಗೇಟಿನಲ್ಲಿ ಒಂದು ಸಣ್ಣ ಕೋಣೆ ಇರಲಿ. ತರಬೇತಿ ಇರುವ ಒಬ್ಬ ಪೊಲೀಸರು, ನಳಿಕೆ ತಿರುಗಿಸಿ ಖಾಲಿ ಮಾಡಲು ಒಂದು ಮರಳಿನ ಪೆಟ್ಟಿಗೆ, ಬೀಗ ಇರುವ ಕಬ್ಬಿಣದ ಬೀರು. ಕೋವಿಯ ನಂಬರ್, ತೋಟಾ ಎಷ್ಟು ಅಂತ ಬರೆದು ಸಹಿ ಹಾಕಿದ ರಸೀದಿ. ಜಾಸ್ತಿ ಖರ್ಚಿನ ಕೆಲಸವೇನಲ್ಲ. ಚುನಾವಣೆ ಬಂದರೆ ಊರೂರಿನ ಕೋವಿಗಳನ್ನು ಠಾಣೆಗೆ ತರಿಸಿ ಜಮಾ ಮಾಡಿಕೊಳ್ಳುವ ವ್ಯವಸ್ಥೆಗೆ ಗೇಟಿನಲ್ಲಿ ನಾಲ್ಕು ಕೋವಿ ಇಟ್ಟುಕೊಳ್ಳಲು ಆಗುವುದಿಲ್ಲವೇ?

ಈ ನಿಯಮ ಎಲ್ಲರಿಗೂ ಒಂದೇ ಆಗಿರಬೇಕು. ಮುಖಂಡರ ಹಿಂದೆ ಬರುವ ಖಾಸಗಿ ಗನ್‌ಮ್ಯಾನ್‌ಗಳೂ ಅದೇ ಕೋಣೆಯಲ್ಲಿ ಇಟ್ಟು ರಸೀದಿ ತೆಗೆದುಕೊಳ್ಳಲಿ. ಬಡ ರೈತನ ಬೆಳೆ ರಕ್ಷಣೆ ಕೋವಿಗೆ ತಡೆ, ದೊಡ್ಡವರ ಪಿಸ್ತೂಲಿಗೆ ಸಲಾಂ ಎಂದಾದರೆ ಯಾರು ಒಪ್ಪುತ್ತಾರೆ?

ಬೆಳೆಗಾರರ ಸಂಘಗಳು ಕೋವಿ ವಿಚಾರ ಎತ್ತುವುದು ಹೆಚ್ಚಾಗಿ ಚುನಾವಣೆ ಹೊತ್ತಿಗೆ, ಜಮಾ ಮಾಡಿ ಅಂದಾಗ. ಈ ಸಲ ಅದಕ್ಕೂ ಮೊದಲೇ ಈ ಬೇಡಿಕೆಯನ್ನು ಡಿಸಿ ಅವರ ಮುಂದೆ ಇಡೋಣ. ಮನವಿ ಬರೆಯುವವರಿದ್ದರೆ ತಿಳಿಸಿ, ಸಹಿ ಹಾಕಲು ನಾನು ಬರುತ್ತೇನೆ.