ಬಿಳಿ ನಾಲ್ಕರ ಒಪ್ಪಂದ

ಅಕ್ಟೋಬರ್ ಬಂತೆಂದರೆ ಬೆಳಗಾವಿಯಲ್ಲಿ ಓಣಿಗೊಂದು ಸಮೂಹಗಾನ ತಂಡ ಹುಟ್ಟುತ್ತದೆ. ಬ್ಯಾಂಕಿನವರು, ರಿಟೈರ್ ಆದ ಮಾಸ್ತರರು, ಭಜನಾ ಮಂಡಳದ ಅಕ್ಕಾರು ಎಲ್ಲರೂ ಕೂಡಿ ನವೆಂಬರ್ 1ಕ್ಕೆ ಒಂದೇ ದನಿಯಲ್ಲಿ ಹಾಡಬೇಕು. 1924ರ ಕಾಂಗ್ರೆಸ್ ಅಧಿವೇಶನದಲ್ಲಿ ಬಾಲಕಿ ಗಂಗೂಬಾಯಿ ಹಾನಗಲ್ ಹಾಡಿದ ಊರಿದು. ಹೀಗಾಗಿ ತಮಗೆ ಹಾಡಲು ಬರುತ್ತದೋ ಇಲ್ಲವೋ ಎಂಬ ಅನುಮಾನ ಯಾರಿಗೂ ಇರುವುದಿಲ್ಲ. ಅನುಮಾನವೆಲ್ಲ ಪಕ್ಕದವರ ಮೇಲೆ.

ಜಗಳ ಶುರುವಾಗುವುದು ಹಾರ್ಮೋನಿಯಂ ಮುಂದೆ, ಅದರ ಯಾವ ಮನೆಯನ್ನು ‘ಸ’ ಎಂದು ಹಿಡಿದು ಹಾಡಬೇಕು ಎಂದು. ಗಂಡಸರಿಗೆ ಸಾಮಾನ್ಯವಾಗಿ ಕಪ್ಪು ಒಂದು ಅಥವಾ ಎರಡು (ಒಂದನೇ ಅಥವಾ ಎರಡನೇ ಕಪ್ಪು ಮನೆ) ಹಿತ; ಹೆಣ್ಣುಮಕ್ಕಳಿಗೆ ಕಪ್ಪು ನಾಲ್ಕು ಅಥವಾ ಐದು. ನಡುವೆ ಸುಮಾರು ಒಂದು ಪಂಚಮದ, ಅಂದರೆ ‘ಸ’ದಿಂದ ‘ಪ’ದಷ್ಟು, ಅಂತರ. ನಿರ್ದೇಶಕರು ಎರಡೂ ಕಡೆಯವರನ್ನು ಸಮಾಧಾನ ಮಾಡಿ ನಡುವಿನ ಬಿಳಿ ನಾಲ್ಕಕ್ಕೆ ಷಡ್ಜ (‘ಸ’) ಇಡುತ್ತಾರೆ. ಈಗ ಇಬ್ಬರಿಗೂ ಸಮನಾದ ತ್ರಾಸು! ಮಂದ್ರ ಪಂಚಮಕ್ಕೆ (ಕೆಳಗಿನ ಸಪ್ತಕದ ‘ಪ’) ಇಳಿದಾಗ ಅಕ್ಕಾರ ದನಿ ಬರೀ ಗಾಳಿಯಾಗುತ್ತದೆ. ತಾರ ಗಾಂಧಾರಕ್ಕೆ (ಮೇಲಿನ ಸಪ್ತಕದ ‘ಗ’) ಏರಿದಾಗ ಗಂಡಸರ ಹುಬ್ಬು ಮಾತ್ರ ಏರುತ್ತವೆ, ಸ್ವರ ಕೆಳಗೇ ಉಳಿಯುತ್ತದೆ. ಯಾರೋ ಒಬ್ಬರು ನಡುಸಾಲಿನಲ್ಲಿ ಸದ್ದಿಲ್ಲದೆ ಒಂದು ಸಪ್ತಕ ಕೆಳಗಿಳಿದು ಗುಟುರು ಹಾಕುತ್ತಾರೆ. “ಸರ್ರ, ಹಿಂದಿನವ್ರು ಬ್ಯಾರೇ ಹಾಡಾಕತ್ತಾರ್ರೀ” ಎಂದು ಮುಂದಿನ ಸಾಲಿನಿಂದ ದೂರು.

ಮದ್ದು ಇದೆ. ಶ್ರುತಿ ಬಿಳಿ ನಾಲ್ಕೇ ಇರಲಿ, ಸಾಲುಗಳನ್ನು ಹಂಚಿ. ಮಂದ್ರದ ಸಾಲು ಗಂಡಸರಿಗೆ, ತಾರದ್ದು ಹೆಣ್ಣುಮಕ್ಕಳಿಗೆ, ಮಧ್ಯ ಸಪ್ತಕದಲ್ಲೇ ಓಡಾಡುವ ಪಲ್ಲವಿ ಎಲ್ಲರಿಗೂ. ದೀರ್ಘ ಸ್ವರದಲ್ಲಿ ಎಲ್ಲರೂ ಒಟ್ಟಿಗೆ ಉಸಿರೆಳೆದುಕೊಂಡರೆ ಹಾಡಿಗೇ ತೂತು ಬೀಳುತ್ತದೆ. ಅಕ್ಕಪಕ್ಕದವರು ಸರದಿಯಲ್ಲಿ ಉಸಿರು ತೆಗೆದುಕೊಳ್ಳಬೇಕು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು, ಯಾಕೆಂದರೆ ಎಲ್ಲರಿಗೂ ಸರಿಯಾಗಿ ಅದೇ ಜಾಗದಲ್ಲಿ ಉಸಿರು ಮುಗಿಯುತ್ತದೆ.

ನಿರ್ದೇಶಕರು ತಾವೇ ಜೋರಾಗಿ ಹಾಡುವುದು ಇನ್ನೊಂದು ರೋಗ. ಆಗ ಅವರಿಗೆ ತಂಡ ಕೇಳಿಸುವುದಿಲ್ಲ. ಅವರ ಕಿವಿಗೆ ಎಲ್ಲವೂ ಸುಶ್ರಾವ್ಯವಾಗಿಯೇ ಇರುತ್ತದೆ. ಅವರು ದನಿ ತೆಗೆಯದೆ ಬಾಯಿ ಆಡಿಸಿದರೆ ಸಾಕು. ಎತ್ತುಗಡೆಗೆ, ಅಂದರೆ ಹಾಡು ಶುರುವಾಗುವುದಕ್ಕೆ, ಒಂದು ಮಾತ್ರೆ (ತಾಳದ ಒಂದು ಎಣಿಕೆ) ಮೊದಲೇ ಕೈ ಮೇಲೆತ್ತಿ, ತಾವೂ ಉಸಿರೆಳೆದು ತೋರಿಸಬೇಕು. ಬರೀ ಕೈ ಬೀಸಿದರೆ ಮುಂದಿನವರು ಹಾಡುತ್ತಾರೆ, ಹಿಂದಿನವರು ಮುಂದಿನವರನ್ನು ಕೇಳಿ ಹಾಡುತ್ತಾರೆ.

ಮಳೆಯ ತೇವಕ್ಕೆ ತಬಲಾದ ಚರ್ಮ ಸಡಿಲಾಗಿ ಸ್ವರ ಇಳಿದಿರುತ್ತದೆ. ಬೆಳಗಿನ ಚಳಿಗೆ ಕೊಳಲೂ ಇಳಿಯುತ್ತದೆ. ಹಾರ್ಮೋನಿಯಂ ಮಾತ್ರ ಇದ್ದಲ್ಲೇ ಇರುತ್ತದೆ. ವೇದಿಕೆ ಏರುವ ಮೊದಲು ಕೊಳಲನ್ನು ಊದಿ ಬೆಚ್ಚಗೆ ಮಾಡಿ, ತಬಲಾವನ್ನು ಸುತ್ತಿಗೆಯಿಂದ ತಟ್ಟಿ ಷಡ್ಜಕ್ಕೆ ತನ್ನಿ. ಮೈಕು ಬಾಯಿಗೆ ತೀರ ಹತ್ತಿರವಿದ್ದರೆ ‘ಭಾ’ ಎಂದಾಗಲೆಲ್ಲ ಸ್ಪೀಕರಿನಲ್ಲಿ ಬಾಂಬು. ಎರಡು ಅಡಿ ಹಿಂದಿಟ್ಟು ತುಸು ಓರೆ ಮಾಡಿ. ಕುಂದಾ, ಮಿರ್ಚಿ ಎಲ್ಲ ಹಾಡು ಮುಗಿದ ಮೇಲೆ.

ನಾಡಗೀತೆಗೆ 2022ರ ಸರ್ಕಾರಿ ಆದೇಶದಂತೆ 2 ನಿಮಿಷ 30 ಸೆಕೆಂಡು. ತಾಲೀಮಿನಲ್ಲೇ ಗಡಿಯಾರ ಹಿಡಿಯಿರಿ. ಎಳೆದರೆ ವೇದಿಕೆಯ ಗಣ್ಯರು ಕಾಲು ಬದಲಿಸತೊಡಗುತ್ತಾರೆ. ಕೊನೆಯ ಅಕ್ಷರದ ‘ಏ’ ಎಷ್ಟು ಮಾತ್ರೆ ಎಂದು ಮೊದಲೇ ಎಣಿಸಿ, ಮುಷ್ಟಿ ಮುಚ್ಚಿದಾಗ ನಿಲ್ಲಿಸುವುದನ್ನು ಬೇರೆಯಾಗಿಯೇ ರೂಢಿ ಮಾಡಿಸಿ. ಆದರೂ ಪ್ರತಿ ತಂಡದಲ್ಲಿ ಕಣ್ಣುಮುಚ್ಚಿ ಹಾಡುವ ಒಬ್ಬ ಕಾಕಾ ಇದ್ದೇ ಇರುತ್ತಾರೆ. ಅವರನ್ನು ಮೈಕಿನಿಂದ ದೂರ, ಮೊಣಕೈಯಿಂದ ತಿವಿಯಬಲ್ಲ ಅಕ್ಕಾರ ಪಕ್ಕದಲ್ಲಿ ನಿಲ್ಲಿಸಿ.